ಹದಿನಾಲ್ಕನೇ ಜೋಡಣೆ

೨೦೨೪ರ ನವೆಂಬರ್ ೧೨, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

“ಬಿಚ್ಚಿ. ಇನ್ನೊಂದ್ಸಲ ಸೇರಿಸಿ ತೋರಿಸಿ,” ಎಂದಳು ಪತ್ತೇದಾರಿಣಿ.

“ಮೇಡಂ, ಇದು ಒಂಬತ್ತನೇ ಸಲ.”

“ಹತ್ತಾಗ್ಲಿ. ನಿಮ್ಮ ಗಂಟೇನು ಹೋಗತ್ತೆ?”

ಎಲ್ಲರೂ ಹಳಿ ಮಾಸ್ತರ ಎಂದು ಕರೆಯುವ ಆ ಮನುಷ್ಯ ಜೀವಮಾನದಲ್ಲಿ ಒಂದಡಿ ನಿಜವಾದ ಹಳಿ ಹಾಸಿದವನಲ್ಲ. ಅವನ ಹಳಿಗಳೆಲ್ಲ ಪರದೆಯ ಮೇಲಿನವು. ಚಾಲಕರ ತರಬೇತಿ ಕೇಂದ್ರದ ಸಿಮ್ಯುಲೇಟರ್‌ಗೆ ಮಾರ್ಗ ಕಟ್ಟುವುದು ಅವನ ಕೆಲಸ. ಹೊರಗಿನ ಮಾರ್ಗ ಒಳಗೆ ಇದ್ದದ್ದು ಇದ್ದ ಹಾಗೆ ಕಾಣಬೇಕು, ತಿರುವಿಗೆ ತಿರುವು, ಕಂಬಕ್ಕೆ ಕಂಬ.

ಅವನು ನಿಟ್ಟುಸಿರು ಬಿಟ್ಟು ಮೌಸ್ ಹಿಡಿದ. ಪರದೆಯ ಮೇಲೆ ಎರಡು ಹಳಿಗಳು ಬೇರೆಯಾದವು. ಎರಡರ ತುದಿಯಲ್ಲೂ ಒಂದೊಂದು ಕೆಂಪು ಬಾಣ. ಒಂದನ್ನು ಎಳೆದು ಇನ್ನೊಂದರ ಹತ್ತಿರ ತಂದ. ಟಕ್ ಎಂದು ಅಂಟಿಕೊಂಡವು. ಬಾಣ ಹಸಿರಾಯಿತು.

“ನೋಡಿ. ಹಸಿರು. ಹಸಿರು ಅಂದ್ರೆ ಸೇರ್ಕೊಂಡಿದೆ ಅಂತ. ಸೇರ್ಕೊಂಡಿದೆ ಅಂದ್ರೆ ಸೇರ್ಕೊಂಡಿದೆ ಅಂತ.”

“ನಾನೇನು ಕುರುಡಿ ಅಲ್ಲ.”

“ಹಂಗಂತ ನಾನೆಲ್ಲಿ ಹೇಳ್ದೆ?”

ಹನ್ನೆರಡು ದಿನದ ಹಿಂದೆ, ಹೊಸ ಮಾರ್ಗದ ಮೊದಲ ಓಟದಲ್ಲೇ, ಅವಳ ಭಾವ ಓಡಿಸುತ್ತಿದ್ದ ರೈಲು ಕೆಂಪು ಸಿಗ್ನಲ್ ದಾಟಿ ದುರಸ್ತಿಯ ತಳ್ಳುಗಾಡಿಗೆ ಗುದ್ದಿ, ಹಳಿ ಕೆಲಸಗಾರನೊಬ್ಬನ ಎರಡೂ ಕಾಲು ಮುರಿದಿತ್ತು. ಇವತ್ತು ನಾಲ್ಕು ಗಂಟೆಗೆ ವಿಚಾರಣೆ ಮುಗಿಯುತ್ತದೆ. ಅಷ್ಟರಲ್ಲಿ ಬೇರೆ ಕಾರಣ ಕೈಗೆ ಸಿಗದಿದ್ದರೆ ಭಾವನವರ ಕೆಲಸ ಹೋಗುವುದು ಖಂಡಿತ. ಅದರ ಬೆನ್ನಿಗೆ ಪೊಲೀಸ್ ಕೇಸು.

ಭಾವ ಬಾಯಿ ಬಿಟ್ಟಿದ್ದು ಒಂದೇ ಮಾತಿಗೆ. “ತರಬೇತಿ ಕೇಂದ್ರದಲ್ಲಿ ಕಲಿತ ಹಾಗೇ ಬ್ರೇಕ್ ಹಾಕಿದೆ.” ಮುಂದೆ ಏನು ಕೇಳಿದರೂ ಕಲ್ಲು ಕೂತ ಹಾಗೆ ಕೂತುಬಿಡುತ್ತಿದ್ದರು. ಸ್ವಂತ ಅಕ್ಕನ ಗಂಡನಾಗಿರದಿದ್ದರೆ ಪತ್ತೇದಾರಿಣಿ ಈ ಕೇಸನ್ನು ಎರಡನೇ ದಿನವೇ ಕೈಬಿಡುತ್ತಿದ್ದಳು.

ಕಲಿತ ಹಾಗೆ. ಹಾಗಾದರೆ ಇಲ್ಲಿ ಕಲಿಸಿದ್ದರಲ್ಲೇ ಏನೋ ಐಬು ಇರಬೇಕು ಎಂದು ಅವಳು ಬೆಳಗ್ಗೆ ಒಂಬತ್ತಕ್ಕೆ ಬಂದು ಕೂತವಳು ಇನ್ನೂ ಎದ್ದಿರಲಿಲ್ಲ.

ಕೋಣೆಯ ಅರ್ಧ ಭಾಗವನ್ನು ನಕಲಿ ಇಂಜಿನ್ ನುಂಗಿಹಾಕಿತ್ತು. ಚಾಲಕನ ಸೀಟು, ಬ್ರೇಕಿನ ಹಿಡಿ, ಕಿಟಕಿಗಾಜು ಇರಬೇಕಾದ ಕಡೆ ಮೂರು ದೊಡ್ಡ ಪರದೆ. ಅದರ ಹಿಂದಿನ ಸಂದಿಯಲ್ಲಿ ಹಳಿ ಮಾಸ್ತರನ ಮೇಜು. ಏಸಿ ತೊಟ್ಟಿಕ್ಕುವ ಕಡೆ ಒಂದು ಬಕೆಟ್ ಇಟ್ಟಿದ್ದರು. ತಂಪು ಮಾತ್ರ ಬರುತ್ತಿರಲಿಲ್ಲ.

ಫೋನ್ ಅರಚಿತು. ಅಕ್ಕ.

“ಪುಟ್ಟೀ, ಸಿಕ್ತೇನೇ?”

“ಅಕ್ಕಾ, ಹತ್ತು ನಿಮಿಷದ ಹಿಂದೆ ಇದನ್ನೇ ಕೇಳ್ದೆ.”

“ಹತ್ತು ನಿಮಿಷದಲ್ಲಿ ಸಿಕ್ಕಿರಬಹುದಲ್ಲ ಅಂತ.”

“ಸಿಕ್ಕಿದ್ರೆ ನಾನೇ ಮಾಡ್ತೀನಿ. ಇಡು.”

“ನಿಂಗೆ ಚಿಕ್ಕಂದಿನಿಂದ್ಲೂ ಇಷ್ಟೇ ಸಿಟ್ಟು. ಇವರೂ ಊಟ ಮಾಡಿಲ್ಲ. ಯಾರಿಗೆ ಅಂತ ಹೇಳ್ಲಿ ನಾನು?”

ಪತ್ತೇದಾರಿಣಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನಲವತ್ತಮೂರು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆದದ್ದು ಕೇಳಿಸಿದ ಹಳಿ ಮಾಸ್ತರ ಪರದೆಯ ಕಡೆ ತಿರುಗಿ ತುಟಿ ಕಚ್ಚಿಕೊಂಡ.

“ನಗೋದಾದ್ರೆ ಗಟ್ಟಿಯಾಗಿ ನಗಿ. ಆಮೇಲೆ ಹೇಳಿ. ಈ ಮಾರ್ಗ ಎಷ್ಟು ಭಾಗದಲ್ಲಿ ಕಟ್ಟಿದ್ದೀರಿ?”

“ಬೆಳಗ್ಗೆನೇ ಹೇಳಿದ್ನಲ್ಲ. ಹದಿನೈದು ಭಾಗ. ಸಮಸಂಖ್ಯೆಯವು ನಾನು, ಬೆಸಸಂಖ್ಯೆಯವು ಇನ್ನೊಬ್ಬಳು. ಅವಳು ಹೆರಿಗೆ ರಜೆ ಮೇಲೆ ಹೋದ್ಲು. ಹದಿನೈದು ಭಾಗಕ್ಕೆ ಹದಿನಾಲ್ಕು ಜೋಡಣೆ. ಹದಿನಾಲ್ಕೂ ಹಸಿರು.”

“ಎಲ್ಲಾ ಒಂದೇ ಏಟಿಗೆ ಸೇರ್ಕೊಂಡ್ವಾ?”

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಈ ಪ್ರಶ್ನೆ ಎಲ್ಲೋ ಹಳೆಯ ಗಾಯಕ್ಕೆ ತಾಗಿತ್ತು.

“ಒಂದೇ ಏಟಿಗೆ! ಮೇಡಂ, ಹಳಿ ಅಂದ್ರೆ ಪೆನ್ಸಿಲಲ್ಲಿ ಎಳೆದ ಗೆರೆ ಅಲ್ಲ. ತುಂಡು ತುಂಡು. ನೂರು ಮೀಟರಿಂದು, ಐವತ್ತರದ್ದು, ಇಪ್ಪತ್ತೈದರದ್ದು, ಹನ್ನೊಂದರದ್ದು. ನೇರ ಇರೋದು, ಬಾಗಿರೋದು. ತುದಿಗೆ ತುದಿ ಬಂದಾಗ ಜಾಗ, ಎತ್ತರ, ದಿಕ್ಕು ಮೂರೂ ಹೊಂದ್ಬೇಕು. ಕೂದಲೆಳೆಯಷ್ಟು ಆಚೀಚೆ ಆದ್ರೂ ಬಾಣ ಕೆಂಪಾಗೇ ಇರತ್ತೆ. ನಾನು ಈ ಕಡೆಯಿಂದ ಕಟ್ಕೊಂಡ್ ಬರ್ತೀನಿ, ಅವಳು ಆ ಕಡೆಯಿಂದ. ಮಧ್ಯದಲ್ಲಿ ಮುಖಾಮುಖಿ ಆದಾಗ ನೋಡಿದ್ರೆ ನನ್ನದು ಉತ್ತರಕ್ಕೆ ನೋಡ್ತಿದೆ, ಅವಳದ್ದು ಒಂದೂವರೆ ಡಿಗ್ರಿ ಸೊಟ್ಟ.”

“ಆಗ?”

“ಆಗ ಜಗಳ. ನಿನ್ನ ತುದಿ ಸರಿ ಮಾಡು ಅಂತ ನಾನು, ನಿನ್ನದೇ ಸೊಟ್ಟ ಅಂತ ಅವಳು. ಎಂಟು ದಿನ ಮೇಡಂ! ಒಂದು ತುಂಡು ಅಲುಗಾಡಿಸಿದ್ರೆ ಅದರ ಹಿಂದಿರೋ ಆರು ಕಿಲೋಮೀಟರು, ಮರ, ಮನೆ, ಕಂಬ ಎಲ್ಲಾ ಬಾಲದ ಥರ ಅಲ್ಲಾಡತ್ತೆ. ಸರಿ ಮಾಡೋ ಹೊತ್ತಿಗೆ ಇನ್ನೊಂದು ಕಡೆ ಬಿಟ್ಕೊಂಡಿರತ್ತೆ. ತಲೆ ಗೋಡೆಗೆ ಚಚ್ಕೋಬೇಕು ಅನ್ಸತ್ತೆ.”

“ಎಂಟು ದಿನ ಜಗಳ ಆಡಿದ್ದು ಯಾವ ಜೋಡಣೆಗೆ?”

ಅವನು ಸುಮ್ಮನಾದ.

ಮಾತಿನ ಭರದಲ್ಲಿ ಜಾರಿದವರ ಮುಖ ಹೇಗಿರುತ್ತದೆಂದು ಪತ್ತೇದಾರಿಣಿಗೆ ಗೊತ್ತು. ಈ ಕೆಲಸಕ್ಕೆ ಬರುವ ಮುಂಚೆ ಅವಳು ಆರು ವರ್ಷ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದ್ದವಳು. ಅಳತೆ ಮಾಡದೆಯೇ ಪಕ್ಕದವನ ಪುಸ್ತಕ ನೋಡಿ ಉತ್ತರ ಬರೆದ ಹುಡುಗರೂ ಹೀಗೇ ಕೊನೆಯ ಸಾಲಿನ ಹತ್ತಿರ ಸುಮ್ಮನಾಗುತ್ತಿದ್ದರು.

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. ಮಾರ್ಗವನ್ನು ತರಬೇತಿಗೆ ಒಪ್ಪಿಸುವುದಕ್ಕೆ ಒಂದು ವಾರ ಮೊದಲು ಅವನೇ ಸಹಿ ಹಾಕಿ ಕೊಟ್ಟಿದ್ದ ಪಟ್ಟಿ. ಯಾವ ಭಾಗದಲ್ಲಿ ಎಷ್ಟು ಹಳಿಯ ತುಂಡು ಎಂಬ ಲೆಕ್ಕ.

“ಹದಿನಾಲ್ಕನೇ ಭಾಗ. ನಿಮ್ಮದು. ಇದರಲ್ಲಿ ನಲವತ್ತಮೂರು ತುಂಡು ಅಂತಿದೆ. ಪರದೆ ಮೇಲೆ ಎಣಿಸಿ.”

“ಎಣಿಸೋದೇನಿದೆ, ಅಷ್ಟೇ ಇರತ್ತೆ.”

“ಎಣಿಸಿ.”

“ಟೀ ಕುಡಿದು ಬಂದು…”

“ಕೂತ್ಕೊಳ್ರೀ!”

ಅವನು ಕೂತ. ಎಣಿಸಲಿಲ್ಲ. ಅವಳೇ ಬೆರಳಿಟ್ಟು ಎಣಿಸಿದಳು. ಪ್ರತಿ ತುಂಡಿನ ನೆತ್ತಿಯ ಮೇಲೂ ಸಣ್ಣ ಅಕ್ಷರದಲ್ಲಿ ಅದರ ಸಂಖ್ಯೆ ಇತ್ತು. ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ಅಷ್ಟಕ್ಕೆ ಹದಿನೈದನೇ ಭಾಗ ಶುರು.

“ಎರಡು ತುಂಡು ಎಲ್ಲಿಗೆ ಹೋದ್ವು?”

“ಸಾಫ್ಟ್‌ವೇರು ಕೆಲವು ಸಲ…”

“ಉಳಿದ ಹದಿಮೂರು ಕಡೆ ನುಂಗದ ಸಾಫ್ಟ್‌ವೇರು ಇಲ್ಲೊಂದೇ ಕಡೆ ಹಸಿದಿತ್ತಾ?”

ಹಳಿ ಮಾಸ್ತರ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ.

“ಐವತ್ತರದ್ದೊಂದು, ಹನ್ನೊಂದರದ್ದೊಂದು,” ಎಂದ ಕೊನೆಗೆ. “ಎರಡೂ ಬಾಗಿದ ತುಂಡು. ಅವೆರಡನ್ನ ತೆಗೆದ್ರೆ ಒಂದೂವರೆ ಡಿಗ್ರಿ ಸೊಟ್ಟ ಸರಿಯಾಗಿ ಮುಚ್ಚಿಹೋಗ್ತಿತ್ತು. ಅಳಿಸ್ದೆ. ಅವಳ ಭಾಗಾನ ಇಡಿಯಾಗಿ ಹಿಡಿದು ಈಚೆಗೆ ಎಳೆದೆ. ಟಕ್ ಅಂತು. ಎಂಟು ದಿನ ಕೆಂಪಾಗಿದ್ದ ಬಾಣ ಹಸಿರಾದಾಗ ನಾನು ಅತ್ತೇಬಿಟ್ಟೆ ಮೇಡಂ, ನಿಜವಾಗ್ಲೂ.”

“ಕಿಲೋಮೀಟರ್ ಕಲ್ಲು?”

“ಕೈಯಲ್ಲಿ ಸರಿಸಿ ಇಟ್ಟೆ. ಕಣ್ಣಿಗೆ ಕಾಣಲ್ಲ. ಮಾರನೇ ದಿನವೇ ಒಪ್ಪಿಸ್ಬೇಕಿತ್ತು, ಏನ್ ಮಾಡ್ಲಿ?”

ಪತ್ತೇದಾರಿಣಿಯ ಎದೆ ಹಗುರಾಯಿತು. ರೈಲ್ವೆ ಗೇಟು ಕಾಯುವವನ ಮನೆ, ಎಲ್ಲರ ಬಾಯಲ್ಲಿ ಗೇಟಿನ ಮನೆ, ಹದಿನಾಲ್ಕನೇ ಭಾಗದಲ್ಲಿದೆ. ಭಾವ ದಾಟಿದ, ಗುಡ್ಡದ ತಿರುವಿನ ಮರೆಯಲ್ಲಿರುವ ಸಿಗ್ನಲ್ ಹದಿನೈದರಲ್ಲಿ. ಗೇಟಿನ ಮನೆ ಕಂಡ ತಕ್ಷಣ ಬ್ರೇಕ್ ಹಿಡಿಯಬೇಕು, ಇಲ್ಲಿ ಎಲ್ಲ ಚಾಲಕರಿಗೂ ಕಲಿಸುವುದೇ ಅದು. ಆ ಎರಡರ ನಡುವೆಯೇ ಅಳತೆ ತಪ್ಪಿದೆ! ಹನ್ನೆರಡು ದಿನ ಚಪ್ಪಲಿ ಸವೆಸಿದ್ದಕ್ಕೆ ಕೊನೆಗೂ ಒಂದು ಎಳೆ ಸಿಕ್ಕಿತ್ತು.

ಅವಳು ತಡಮಾಡದೆ ವಿಚಾರಣಾಧಿಕಾರಿಗೆ ಫೋನ್ ಮಾಡಿದಳು. “ಸರ್, ಕಾರಣ ಸಿಕ್ಕಿದೆ. ನಿಮ್ಮ ಕಣ್ಣೆದುರೇ ಅಳೆದು ತೋರಿಸ್ತೀನಿ, ಬನ್ನಿ.”

ಆಮೇಲೆ ಅಕ್ಕನಿಗೂ ಮಾಡಿದಳು. ಅದೊಂದು ಮಾಡಬಾರದಿತ್ತು.

ವಿಚಾರಣಾಧಿಕಾರಿ ಎದುರಿನ ಕಟ್ಟಡದಿಂದ ಮೆಟ್ಟಿಲಿಳಿದು ಬರುವಷ್ಟರಲ್ಲಿ ಎರಡು ಐವತ್ತು. ಕಂಡ ಕಾಗದದ ಅಂಚಿನಲ್ಲೆಲ್ಲ ಷರಾ ಬರೆಯುವ ಅಭ್ಯಾಸದಿಂದ ಅವರಿಗೆ ಷರಾ ಸಾಹೇಬರು ಎಂದೇ ಹೆಸರು. ಕಂಕುಳಲ್ಲಿ ಕಡತ, ಜೇಬಿನಲ್ಲಿ ಮೂರು ಪೆನ್ನು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಏನಮ್ಮಾ, ಅಳೀರಿ.”

ಹಳಿ ಮಾಸ್ತರ ಗೇಟಿನ ಮನೆಯ ಎದುರು ಹಳಿಯ ಮೇಲೆ ಒಂದು ಗುರುತು ಇಟ್ಟ. ಸಿಗ್ನಲ್ ಕಂಬದ ಬುಡದಲ್ಲಿ ಇನ್ನೊಂದು. ಎರಡರ ನಡುವೆ ಹಳದಿ ಗೆರೆಯೊಂದು ಹಳಿಯ ಬಳುಕಿನ ಜೊತೆಗೇ ಹರಿದು ಹೋಗಿ ತುದಿಯಲ್ಲಿ ಅಂಕಿ ಬಿತ್ತು. ಎಂಟುನೂರ ಎಪ್ಪತ್ತೊಂಬತ್ತು ಮೀಟರ್.

“ನಿಮ್ಮ ಕಡತದಲ್ಲಿ ಹೊರಗಿನ ಅಳತೆ ಎಷ್ಟಿದೆ ಸರ್?”

ಅವರು ಹಾಳೆ ಮಗುಚಿದರು. “ಒಂಬೈನೂರ ನಲವತ್ತು.”

“ಅಂದ್ರೆ ಒಳಗೆ ಅರವತ್ತೊಂದು ಮೀಟರ್ ಕಡಿಮೆ! ಇವರೇ ಒಪ್ಕೊಂಡಿದ್ದಾರೆ, ಎರಡು ತುಂಡು ಅಳಿಸಿದ್ದೀನಿ ಅಂತ. ನಮ್ಮ ಭಾವ ಇಪ್ಪತ್ತು ಗಂಟೆ ಈ ತಪ್ಪು ಹಳಿ ಮೇಲೆ ಅಭ್ಯಾಸ ಮಾಡಿದ್ದಾರೆ. ತಪ್ಪು ಕಲಿಸಿದ್ದು ಇಲ್ಲಿ. ಇದನ್ನ ಬರ್ಕೊಳ್ಳಿ ಸರ್.”

ಷರಾ ಸಾಹೇಬರು ಬರೆದುಕೊಂಡರು. ನಿಧಾನವಾಗಿ, ದುಂಡಗೆ. ಬರೆದು ಪೆನ್ನಿನ ಮುಚ್ಚಳ ಹಾಕಿ ಅವಳ ಮುಖ ನೋಡಿದರು. ಆ ನೋಟದಲ್ಲಿ ವ್ಯಂಗ್ಯ ಇದ್ದಿದ್ದರೆ ಅವಳಿಗೆ ಸಹಿಸಲು ಸುಲಭವಾಗುತ್ತಿತ್ತು. ಇದ್ದದ್ದು ಕನಿಕರ.

“ಒಂದು ಮಾತು ಕೇಳ್ಲಾ ಅಮ್ಮಾ? ಒಳಗೆ ಎಂಟುನೂರ ಎಪ್ಪತ್ತೊಂಬತ್ತು ಮೀಟರಲ್ಲಿ ಗಾಡಿ ನಿಲ್ಲಿಸೋಕೆ ಕಲಿತವರು, ಹೊರಗೆ ಒಂಬೈನೂರ ನಲವತ್ತು ಸಿಕ್ಕಿದ್ರೆ ಎಲ್ಲಿ ನಿಲ್ತಾರೆ?”

ಅವಳು ಪರದೆಯ ಮೇಲಿನ ಹಳದಿ ಗೆರೆಯನ್ನು ಮತ್ತೊಮ್ಮೆ ನೋಡಿದಳು.

ಏಸಿಯ ಹನಿ ಬಕೆಟ್ಟಿಗೆ ಬಿತ್ತು. ಇನ್ನೊಂದು ಬಿತ್ತು.

“ಸಿಗ್ನಲ್‌ಗಿಂತ ಮುಂಚೆ,” ಎಂದಳು.

“ಎಷ್ಟು ಮುಂಚೆ?”

“ಅರವತ್ತೊಂದು ಮೀಟರ್.”

“ನಿಮ್ಮ ಭಾವ ನಿಂತಿದ್ದು?”

“ದಾಟಿ.”

“ಅಂದ್ರೆ ಜಾಗ ಕಡಿಮೆ ಬಿದ್ದಿಲ್ಲ. ಅರವತ್ತೊಂದು ಮೀಟರ್ ಹೆಚ್ಚಿಗೇ ಇತ್ತು. ಆದ್ರೂ ನಿಲ್ಲಿಸೋಕಾಗ್ಲಿಲ್ಲ. ಇಂಜಿನ್ನಲ್ಲಿ ವೇಗ ಬರೆಯೋ ಯಂತ್ರ ಅವತ್ತೇ ಕೆಟ್ಟು ಕೂತಿತ್ತು. ಬ್ರೇಕ್ ಎಲ್ಲಿ ಹಾಕಿದ್ರು ಅನ್ನೋದಕ್ಕೆ ಅವರ ಬಾಯಿ ಮಾತು ಬಿಟ್ಟು ಬೇರೆ ಸಾಕ್ಷಿ ಇರ್ಲಿಲ್ಲ. ಈಗ ನೀವೇ ಸಾಕ್ಷಿ ಹುಡುಕಿ ಕೊಟ್ರಿ.” ಅವರು ಕಡತ ಮುಚ್ಚಿದರು. “ತಡವಾಗಿ ಹಾಕಿದ್ದಾರೆ. ಇನ್ನೇನಿದೆ?”

ಕೂಡುವ ಕಡೆ ಕಳೆದಿದ್ದಳು. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಕೆಂಪು ಶಾಯಿಯಲ್ಲಿ ಅಂಥ ಎಷ್ಟು ತಪ್ಪುಗಳಿಗೆ ಅವಳೇ ಸುತ್ತು ಹಾಕಿದ್ದಳೋ! ಏನೋ ತಪ್ಪು ಸಿಕ್ಕಿತೆಂಬ ಸಡಗರದಲ್ಲಿ, ಆ ತಪ್ಪು ಯಾವ ಕಡೆಗೆ ಎಳೆಯುತ್ತದೆ ಎಂದು ನೋಡುವುದನ್ನೇ ಮರೆತಿದ್ದಳು. ಸಾಲದ್ದಕ್ಕೆ ಅಧಿಕಾರಿಯನ್ನು ತಾನೇ ಕರೆಸಿ, ಬರ್ಕೊಳ್ಳಿ ಎಂದು ತಾನೇ ಹೇಳಿ, ಭಾವನ ಕುತ್ತಿಗೆಗೆ ತಾನೇ ಹಗ್ಗ ಹೊಸೆದು ಕೊಟ್ಟಿದ್ದಳು.

“ನನ್ನ ತಪ್ಪಿಂದ ಏನೂ ಆಗ್ಲಿಲ್ಲ ಅಂತಾಯ್ತಲ್ಲ?” ಎಂದ ಹಳಿ ಮಾಸ್ತರ, ಮೆಲ್ಲಗೆ.

“ನೀವು ಬಾಯಿ ಮುಚ್ಕೊಂಡಿರಿ.”

ಫೋನ್ ಮತ್ತೆ ಅರಚಿತು.

“ಪುಟ್ಟೀ, ಸಾಹೇಬರು ಬಂದ್ರಾ? ಬರ್ಕೊಂಡ್ರಾ? ಇವರಿಗೆ ಹೇಳ್ದೆ, ನೀನು ಗೆದ್ದೆ ಅಂತ. ಒಂದು ನಗು ಬೇಡ್ವಾ? ಗೋಡೆ ನೋಡ್ಕೊಂಡು ಕೂತಿದ್ದಾರೆ.”

“ಅಕ್ಕಾ, ಭಾವನಿಗೆ ಫೋನ್ ಕೊಡು.”

“ಯಾಕೆ, ನಂಗೆ ಹೇಳು.”

“ಕೊಡು ಅಂದ್ನಲ್ಲ!”

ಅವಳು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಬಾಗಿಲವರೆಗೆ ಹೋಗಿದ್ದ ಷರಾ ಸಾಹೇಬರು ನಿಂತರು.

“ಭಾವ, ಸಾಹೇಬರೂ ಇಲ್ಲೇ ಇದ್ದಾರೆ, ನೀವು ಹೇಳೋದೆಲ್ಲ ಕೇಳಿಸತ್ತೆ. ಸುಳ್ಳು ಹೇಳೋದಾದ್ರೆ ಈಗ್ಲೇ ಇಟ್ಬಿಡಿ. ಬ್ರೇಕ್ ಎಲ್ಲಿ ಹಾಕಿದ್ರಿ?”

“ಕಲಿತ ಹಾಗೇ…”

“ಸಾಕು ಭಾವ! ಹನ್ನೆರಡು ದಿನದಿಂದ ಇದೊಂದೇ ರಾಗ. ಕಲಿತ ಹಾಗೆ ಗೇಟಿನ ಮನೆ ಹತ್ರ ಹಾಕಿದ್ರೆ ಗಾಡಿ ಕಂಬ ದಾಟ್ತಾನೇ ಇರ್ಲಿಲ್ಲ. ಇಲ್ಲಿ ಹಳಿ ಅರವತ್ತೊಂದು ಮೀಟರ್ ಕಡಿಮೆ ಇದೆ. ನೀವು ಅಷ್ಟು ಹಿಂದೇನೇ ನಿಲ್ಬೇಕಿತ್ತು.”

ಆ ಕಡೆ ಅಕ್ಕ ದೂರದಿಂದ ಏನೋ ಕೇಳಿದ್ದು, ಭಾವ ಆಕೆಯನ್ನು ಸುಮ್ಮನಿರಿಸಿದ್ದು ಕೇಳಿಸಿತು.

“ಎಷ್ಟಂದೆ?”

“ಅರವತ್ತೊಂದು.”

“ಅರವತ್ತೊಂದು ಹೇಗಾಗತ್ತೆ ಪುಟ್ಟಿ? ನೂರ ಎಂಬತ್ತಲ್ವಾ?”

ಪತ್ತೇದಾರಿಣಿ ಫೋನಿನ ಕಡೆ ಬಗ್ಗಿದಳು.

“ನೂರ ಎಂಬತ್ತು ಅಂತ ಯಾರು ಹೇಳಿದ್ರು ಭಾವ?”

“ಚೀಟಿ ಇತ್ತು. ತರಬೇತಿಯ ಕೊನೇ ದಿನ, ಸೀಟಿನ ಎದುರಿಗೆ, ಬ್ರೇಕಿನ ಹಿಡಿ ಪಕ್ಕ ಅಂಟಿಸಿದ್ರು. ಅಚ್ಚು ಹಾಕಿದ್ದು. ಗೇಟಿನ ಮನೆಯಿಂದ ಸಿಗ್ನಲ್‌ವರೆಗೆ ಸಿಮ್ಯುಲೇಟರಿನಲ್ಲಿ ನೂರ ಎಂಬತ್ತು ಮೀಟರ್ ಕಡಿಮೆ ಇದೆ, ಹೊರಗೆ ಓಡಿಸುವಾಗ ಗಮನದಲ್ಲಿಡಿ, ಅಂತ. ಬೋಧಕರು ಅಂಟಿಸಿರ್ಬೇಕು ಅಂದ್ಕೊಂಡೆ. ಹೊರಗೆ ಜಾಗ ಜಾಸ್ತಿ ಇದೆ ಅಂತಾಯ್ತಲ್ಲ. ಗೇಟಿನ ಮನೆ ದಾಟಿ ಅಷ್ಟು ಮುಂದೆ ಹೋಗಿ ಬ್ರೇಕ್ ಹಾಕಿದೆ. ಮೊದಲ ಓಟ, ಹಿಂದಿನ ಬೋಗಿಯಲ್ಲಿ ದೊಡ್ಡವರೆಲ್ಲ ಕೂತಿದ್ರು. ಕಂಬದ ಮುಂದೆ ಅಚ್ಚುಕಟ್ಟಾಗಿ ನಿಲ್ಲಿಸೋಣ ಅಂತ ಆಸೆ ಆಯ್ತು.”

“ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಮಗೆ?”

“ಸಹಿ ಇಲ್ಲದ ಚೀಟಿ ನೋಡಿ ಗಾಡಿ ಓಡಿಸಿದೆ ಅಂತ ಹೇಳ್ಲಾ? ಇಪ್ಪತ್ತಾರು ವರ್ಷ ಸರ್ವೀಸಾದವನು? ಅದೊಂದಕ್ಕೇ ಕೆಲಸ ಹೋಗತ್ತೆ. ಅಪಘಾತದ ಮಾರನೇ ದಿನ ಬಂದು ನೋಡಿದೆ, ಚೀಟಿ ಇರ್ಲಿಲ್ಲ. ಯಾರು ನಂಬ್ತಾರೆ?”

ಫೋನಿನಲ್ಲಿ ಅಕ್ಕ ಅಳಲು ಶುರುಮಾಡಿದ್ದಳು. ಭಾವ ಫೋನ್ ಇಟ್ಟರು.

ಷರಾ ಸಾಹೇಬರು ವಾಪಸು ಬಂದು ಈ ಸಲ ಕುರ್ಚಿಯಲ್ಲಿ ಕೂತರು.

ಪತ್ತೇದಾರಿಣಿ ಹಳಿ ಮಾಸ್ತರನ ಕಡೆ ತಿರುಗಿದಳು. ಅವನ ಮುಖ ಸುಣ್ಣ ಬಳಿದ ಹಾಗಿತ್ತು.

“ನಾನಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ. ಕಡಿಮೆ ಇದೆ ಅಂತ ಚೀಟಿ ಅಂಟಿಸಿದ್ರೆ ನನ್ನ ಕಳ್ಳತನ ನಾನೇ ಡಂಗುರ ಹೊಡೆದ ಹಾಗಾಗಲ್ವಾ?”

“ಕಡಿಮೆ ಇದೆ ಅಂತ ಯಾರಿಗೆಲ್ಲ ಗೊತ್ತಿತ್ತು?”

“ನನಗೊಬ್ಬನಿಗೇ! ಹೆಂಡತಿಗೂ ಹೇಳಿಲ್ಲ.”

“ಈ ಕೋಣೆಯ ಬೀಗದ ಕೈ?”

“ನನ್ನ ಹತ್ರ ಒಂದು, ಬೋಧಕರ ಹತ್ರ ಒಂದು. ಅವಳು ರಜೆ ಹೋಗುವಾಗ ವಾಪಸು ಕೊಟ್ಲೋ ಇಲ್ವೋ ನಂಗೊತ್ತಿಲ್ಲ.”

“ನಿಮಗೊಬ್ಬರಿಗೇ ಗೊತ್ತಿದ್ದ ಗುಟ್ಟು ಅಚ್ಚಾಗಿ ಬ್ರೇಕಿನ ಪಕ್ಕ ಅಂಟ್ಕೊಂಡಿತ್ತು,” ಎಂದಳು ಅವಳು. “ಅಂಕಿ ಒಂದೇ ಬೇರೆ. ಅರವತ್ತೊಂದು ಅಂತ ಬರೆದಿದ್ರೆ ಭಾವ ಸರಿಯಾಗಿ ಕಂಬದ ಮುಂದೆ ನಿಲ್ತಿದ್ರು. ಏನೂ ಬರೀದೇ ಇದ್ದಿದ್ರೆ ಹಿಂದೆ ನಿಲ್ತಿದ್ರು, ಯಾರಿಗೂ ಏನೂ ಆಗ್ತಿರ್ಲಿಲ್ಲ.”

ಷರಾ ಸಾಹೇಬರು ಆಗಲೇ ಕಡತದ ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದರು. ನೂರ ಎಂಬತ್ತು. ಕೆಳಗೆ ಅರವತ್ತೊಂದು. ನಡುವೆ ಗೆರೆ.

“ನಿಮ್ಮ ಭಾವ ಹೇಳಿದ್ದು ಕಟ್ಟುಕಥೆ ಆಗಿದ್ರೆ, ಅಂಕಿ ಹೊಂದ್ಬಾರ್ದು,” ಎಂದರು ತಲೆ ಎತ್ತದೆ. “ನಿಜ ಆಗಿದ್ರೆ ಗಾಡಿ ಕಂಬ ದಾಟಿ ನೂರ ಹತ್ತೊಂಬತ್ತು ಮೀಟರ್ ಹೋಗಿ ನಿಂತಿರ್ಬೇಕು. ಒಂದೆರಡು ಮೀಟರ್ ಆಚೀಚೆ.”

“ನಿಂತಿದ್ದೆಲ್ಲಿ ಸರ್? ಅಳೆದಿದ್ದೀರಾ?”

“ಅವತ್ತೇ, ನಾನೇ ಟೇಪ್ ಹಿಡಿದು. ಅದನ್ನ ಇನ್ನೂ ಯಾರಿಗೂ ತೋರಿಸಿಲ್ಲ, ನಿಮ್ಮ ಭಾವನಿಗೂ.”

ಅವರು ಕಡತದ ಕೊನೆಗೆ ಬಂದರು. ಬೆರಳಿಗೆ ಎಂಜಲು ಹಚ್ಚಿ ಒಂದು ಹಾಳೆ ಬಿಡಿಸಿದರು, ಕನ್ನಡಕ ಮೇಲೇರಿಸಿ ಓದಿಕೊಂಡರು, ಮತ್ತೊಮ್ಮೆ ಓದಿಕೊಂಡರು. ಆಮೇಲೆ ಜೇಬಿನಿಂದ ಇನ್ನೊಂದು ಪೆನ್ನು ತೆಗೆದು, ಬಾಗಿಲ ಚಿಲಕ ಹಾಕುವಂತೆ ಹಳಿ ಮಾಸ್ತರನಿಗೆ ಸನ್ನೆ ಮಾಡಿ, ಹಾಳೆಯನ್ನು ಅವಳ ಕಡೆ ತಿರುಗಿಸಿದರು.

ಸಿಗ್ನಲ್ ಕಂಬದಿಂದ ಇಂಜಿನ್ನಿನ ಮುಂತುದಿಗೆ: ನೂರ ಇಪ್ಪತ್ತೊಂದು ಮೀಟರ್.